ಅಪ್‌ಡೇಟ್: ‘ಆಂಟಿಗೊನಿ’ಯ ಮೇಳ ರಂಗವೇರಿತು

ನಮ್ಮ ಕಾಲೇಜಿನ ರಂಗ ಕಾರ್ಯಾಗಾರದಲ್ಲಿ ಸೋಫೋಕ್ಲಿಸ್‌ನ ‘ಆಂಟಿಗೊನಿ’ ಎಂಬ ಪ್ರಾಚೀನ ಗ್ರೀಕ್ ದುರಂತ ನಾಟಕವನ್ನು ಸಿದ್ಧಪಡಿಸುವಾಗ, ಮೇಳದವರೆಲ್ಲ (ಕಥೆಯ ನಡುವೆ ಒಟ್ಟಾಗಿ ಹಾಡುವ, ನುಡಿಯುವ ಕೋರಸ್ ಗುಂಪು) ಒಟ್ಟಿಗೆ ನುಡಿದರೆ ಮಾತು ಕಲಸಿಹೋಗುತ್ತದೆ, ಏನು ಮಾಡಬೇಕು ಎಂದು ಹಿಂದೆ ಕೇಳಿದ್ದೆ. ಈಗ ಪ್ರದರ್ಶನ ಮುಗಿದಿದೆ. ಸಲಹೆ ಕೊಟ್ಟ ಎಲ್ಲರಿಗೂ ಕೃತಜ್ಞತೆಗಳು.

ಸೋಫೋಕ್ಲಿಸ್‌ನ ಮೇಳದಲ್ಲಿ 15 ಜನರಿದ್ದು, ಅವರು ಹಾಡುತ್ತಲೇ ಕುಣಿಯುತ್ತಿದ್ದರೆಂದು ನೆನಪಿಸಿದ ಉತ್ತರವೇ ನಮಗೆ ದಾರಿ ತೋರಿತು. ಮಾತಿಗಿಂತ ಮೊದಲು ಹೆಜ್ಜೆಯನ್ನು ಅಭ್ಯಾಸ ಮಾಡಿದೆವು: ಹಾಡಿನ ಮೊದಲ ಭಾಗಕ್ಕೆ ಬಲಕ್ಕೆ, ಅದೇ ಲಯದ ಎರಡನೆಯ ಭಾಗಕ್ಕೆ ಎಡಕ್ಕೆ. ಮುಂದಾಳು ಹಿಮ್ಮಡಿ ಊರಿದ ಕ್ಷಣದಲ್ಲಿ ಎಲ್ಲರೂ ಒಮ್ಮೆಗೇ ಉಸಿರೆಳೆದುಕೊಳ್ಳುವುದು ರೂಢಿಯಾದ ಮೇಲೆ, ಮನುಷ್ಯನಷ್ಟು ಅದ್ಭುತವೂ ಭಯಂಕರವೂ ಆದದ್ದು ಬೇರೊಂದಿಲ್ಲವೆನ್ನುವ ಹಾಡಿನ ಒಂದೊಂದು ಪದವೂ ಸಭಾಂಗಣದ ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ಕೇಳಿಸಿತು. ಸಂಭಾಷಣೆಯ ಭಾಗಗಳನ್ನು ಮುಂದಾಳು ಒಬ್ಬರೇ ಆಡಿದರು.

ರಾಜ ಕ್ರಿಯೋನನ ಪತ್ನಿ ಯೂರಿಡಿಸಿ ಮಗನ ಸಾವಿನ ವರದಿ ಕೇಳಿ, ಒಂದು ಮಾತೂ ಆಡದೆ ಅರಮನೆಯೊಳಕ್ಕೆ ಹೊರಟುಹೋಗುವ ಘಟ್ಟ ಇಡೀ ನಾಟಕದಲ್ಲೇ ಅತ್ಯಂತ ಕಠಿಣವಾದದ್ದೆಂದು ನನ್ನ ಭಾವನೆ. ಅಲ್ಲಿ ಸಂಗೀತ ಬೇಕೆಂದು ಕೆಲವರು ಸೂಚಿಸಿದ್ದರು, ನಾವು ಬಳಸಲಿಲ್ಲ. ಇಷ್ಟೊಂದು ಮೌನ ಒಳ್ಳೆಯದಲ್ಲವೆಂದು ನಾಟಕದಲ್ಲಿ ನಗರದ ಹಿರಿಯರ ಪಾತ್ರದಲ್ಲಿರುವ ಮೇಳದವರೇ ಬೆನ್ನಲ್ಲೇ ಆತಂಕಪಡುವುದರಿಂದ, ಆ ನಿರ್ಗಮನಕ್ಕೆ ಬೇರೆ ಯಾವ ಸದ್ದೂ ಸೇರಬಾರದೆಂಬ ನನ್ನ ಅಭಿಪ್ರಾಯ ಪ್ರದರ್ಶನದ ನಂತರ ಇನ್ನಷ್ಟು ಗಟ್ಟಿಯಾಗಿದೆ. ಸಮಯ ಸಾಲದೆ ಮುಖವಾಡಗಳನ್ನು ಕೈಬಿಟ್ಟೆವು. ಮರುಪ್ರದರ್ಶನದಲ್ಲಿ ಅವುಗಳನ್ನು ಬಳಸುವ ಆಸೆಯಿದೆ.