ಸೋಂಕಿನ ತುರ್ತಿನಲ್ಲಿ ಸ್ಥಳೀಯ ಆರೋಗ್ಯಾಧಿಕಾರಿಯ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ:
ನನ್ನ ತಂಗಿಯ ಮಗಳ ತರಗತಿಯಲ್ಲಿ ಒಂದು ಮಗುವಿಗೆ ದಡಾರ ಖಚಿತವಾದ ಕೂಡಲೇ, ಲಸಿಕೆ ಹಾಕಿಸಿಕೊಳ್ಳದ ಮಕ್ಕಳು 21 ದಿನ ಶಾಲೆಗೆ ಬರುವಂತಿಲ್ಲವೆಂದು ಆರೋಗ್ಯಾಧಿಕಾರಿಯ ಆದೇಶ ಬಂದಿದೆ. ನಮ್ಮ ಮಗುವಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಕಾಯಿಲೆಯಿಲ್ಲದವರನ್ನು ಮನೆಯಲ್ಲಿ ಕೂರಿಸುವ, ಲಸಿಕೆಗೆ ಒತ್ತಾಯಿಸುವ ಅಧಿಕಾರ ಸ್ಥಳೀಯ ಅಧಿಕಾರಿಗೆ ನಿಜಕ್ಕೂ ಇದೆಯೇ?

ನಿವೃತ್ತ ಆರೋಗ್ಯ ಸಹಾಯಕಿ:
ದಡಾರದ ಸೋಂಕು ತಗುಲಿದ ಮೇಲೆ ಮೈಯಲ್ಲಿ ದದ್ದು ಏಳಲು ಸರಾಸರಿ 14 ದಿನ, ಕೆಲವರಲ್ಲಿ 21 ದಿನ ಹಿಡಿಯುತ್ತದೆ. ಆದೇಶದ ಲೆಕ್ಕ ಅದೇ. ದದ್ದು ಕಾಣುವ ನಾಲ್ಕು ದಿನ ಮೊದಲೇ ಮಗು ಸೋಂಕನ್ನು ಹರಡಬಲ್ಲದು, ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೂ ಉಳಿಯಬಹುದು. ಆದ್ದರಿಂದ ಇಂದು ಆರೋಗ್ಯವಾಗಿರುವ ಮಗುವನ್ನೂ ಕ್ವಾರಂಟೈನ್‌ನಲ್ಲಿ ಇಡಬೇಕಾಗುತ್ತದೆ. ಇನ್ನೊಂದು ಮಾತು: ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ರೋಗವನ್ನೇ ತಡೆಯುವ ಸಾಧ್ಯತೆಯಿದೆ. ದಯವಿಟ್ಟು ಗಂಟೆಗಳನ್ನು ಎಣಿಸಿ.

ಕಾನೂನು ಓದುತ್ತಿರುವವರು:
ಅಧಿಕಾರವಿದೆ, ಆದರೆ ಶಾಸನ ಕೊಟ್ಟಷ್ಟೇ ಇದೆ. 1902ರಲ್ಲಿ ಅಮೆರಿಕದ ಕೇಂಬ್ರಿಡ್ಜ್ ನಗರದ ಆರೋಗ್ಯ ಮಂಡಳಿಯು ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡಿತು. ಒಪ್ಪದ ಜಾಕಬ್‌ಸನ್ ಅವರಿಗೆ ವಿಧಿಸಿದ 5 ಡಾಲರ್ ದಂಡವನ್ನು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ದಂಡ ಹಾಕಿದರೇ ಹೊರತು ಹಿಡಿದು ಚುಚ್ಚಲಿಲ್ಲ ಎಂಬುದನ್ನು ಮರೆಯಬಾರದು. ಇದಕ್ಕೂ ಮುಂಚೆ, 1900ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ಲೇಗ್ ಹೆಸರಿನಲ್ಲಿ ಚೀನೀಯರ ಕೇರಿಗೆ ದಿಗ್ಬಂಧನ ಹಾಕಿ, ಅದೇ ಆವರಣದಲ್ಲಿದ್ದ ಇತರರ ಮನೆಗಳನ್ನು ಮಾತ್ರ ಹೊರಗಿಟ್ಟಾಗ, ನ್ಯಾಯಾಲಯ ಆ ದಿಗ್ಬಂಧನವನ್ನು ರದ್ದುಪಡಿಸಿತು. ಭಾರತದ ಸುಪ್ರೀಂ ಕೋರ್ಟ್ 2022ರಲ್ಲಿ, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ, ಆದರೆ ಸಾರ್ವಜನಿಕ ಆರೋಗ್ಯಕ್ಕಾಗಿ ಅಪಾಯಕ್ಕೆ ತಕ್ಕಷ್ಟು ನಿರ್ಬಂಧ ಹೇರಬಹುದು ಎಂದಿತು. ನಿಮ್ಮ ಮಗುವಿಗೆ ಬಂದಿರುವ ಆದೇಶ ಈ ಎರಡನೆಯ ಬಗೆಯದು ಎಂದು ನನಗನಿಸುತ್ತದೆ.

ಮತ್ತೊಬ್ಬ ಓದುಗರು:
ಆದೇಶವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಯಾವ ಕಾನೂನಿನಡಿ, ಯಾವ ದಿನದಿಂದ ಯಾವ ದಿನದವರೆಗೆ, ಮೇಲ್ಮನವಿ ಯಾರಿಗೆ ಎಂಬುದು ಅದರಲ್ಲಿರಬೇಕು. ದಿನಗೂಲಿಯವರನ್ನು ಮನೆಯಲ್ಲಿ ಉಳಿಯಿರಿ ಎಂದು ಹೇಳಿ ಅವರ ಊಟ, ಔಷಧಿಗಳನ್ನು ವಿಚಾರಿಸದ ಆಡಳಿತದ ಆದೇಶವನ್ನು ಪಾಲಿಸುವುದು ಬಡವರಿಗೆ ಸಾಧ್ಯವೇ ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ಆ ಮಗು ಕೊನೆಯದಾಗಿ ತರಗತಿಗೆ ಬಂದದ್ದು ನಿನ್ನೆ ಮಧ್ಯಾಹ್ನ. ತಂಗಿಗೆ ಈಗಲೇ ಫೋನ್ ಮಾಡುತ್ತೇನೆ.