ಅಮ್ಮನಿಗೆ ಗುರುವಾರ ಪಿಎಫ್‌ಟಿ (ಊದಿಸಿ ಶ್ವಾಸಕೋಶದ ಶಕ್ತಿ ನೋಡುವ ಟೆಸ್ಟ್) ಇದೆ, ಇನ್ಹೇಲರ್ ಯಾವಾಗ ನಿಲ್ಲಿಸಬೇಕು?

ದಾವಣಗೆರೆ ಮಗ:
ಅಮ್ಮನಿಗೆ 58. ಮಂಡಕ್ಕಿ ಭಟ್ಟಿಯಲ್ಲಿ ವರ್ಷಗಟ್ಟಲೆ ಹೊಗೆ ಕುಡಿದ ಎದೆ. ಈಗ ಬೆಳಿಗ್ಗೆ, ರಾತ್ರಿ ಫೋರಾಕಾರ್ಟ್ 200 ಇನ್ಹೇಲರ್. ಉಬ್ಬಸ ಜಾಸ್ತಿಯಾದರೆ ಅಸ್ತಾಲಿನ್ ಇನ್ಹೇಲರ್. ಗುರುವಾರ ಬೆಳಿಗ್ಗೆ 10ಕ್ಕೆ ಟೆಸ್ಟ್. ಚೀಟಿಯಲ್ಲಿ "ಇನ್ಹೇಲರ್ ಸ್ಟಾಪ್" ಅಂತ ಗೀಚಿದ್ದಾರೆ, ಅಷ್ಟೇ. ಯಾವುದನ್ನು, ಎಷ್ಟು ಹೊತ್ತು ಮುಂಚೆ? ನಡುರಾತ್ರಿ ಉಸಿರು ಕಟ್ಟಿದರೆ ಏನು ಗತಿ ಅಂತ ಅಮ್ಮನಿಗಿಂತ ನನಗೇ ಭಯ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಹೋದ ತಿಂಗಳು ಕಣ್ಣಿನ ಪೊರೆ ಆಪರೇಷನ್ ಬೇರೆ ಆಗಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?

ಉಬ್ಬಸದ ಹಳೇ ಗಿರಾಕಿ:
ನಾನಂತೂ ಎರಡು ದಿನ ಮುಂಚೆಯೇ ಎಲ್ಲಾ ಬಿಟ್ಟುಬಿಡುತ್ತೇನೆ. ಸೀರೆ ಬಿಗಿಯಾಗಿ ಉಡಬೇಡಿ ಅನ್ನಿ. ಊದಿ ಊದಿ ತಲೆ ಸುತ್ತುತ್ತದೆ, ಜೊತೆಗೆ ನೀವಿರಿ.

ಊದಿಸುವವಳು:
ದಿನಾ ಈ ಟೆಸ್ಟ್ ಮಾಡುವುದೇ ನನ್ನ ಕೆಲಸ. ಗಿರಾಕಿ ಅವರೇ, ನಿಮ್ಮ ಎರಡು ದಿನದ ಲೆಕ್ಕ ಈ ಅಮ್ಮನಿಗೆ ಬೇಡ. ಅದು ಟಯೋಟ್ರೋಪಿಯಂ ಥರದ, ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುವ ಇನ್ಹೇಲರ್ ಔಷಧಿಗೆ. ಅಸ್ತಾಲಿನ್ 4ರಿಂದ 6 ಗಂಟೆ ಬಿಟ್ಟರೆ ಸಾಕು. ಫೋರಾಕಾರ್ಟ್‌ನಲ್ಲಿ ಫಾರ್ಮೋಟೆರಾಲ್ ಅನ್ನುವ, ಉಸಿರುನಾಳವನ್ನು ಹೆಚ್ಚು ಹೊತ್ತು ಅಗಲಿಸಿಡುವ ಔಷಧಿ ಇದೆ, ಅದಕ್ಕೆ 24 ಗಂಟೆ.

ಯಾಕೆ ಅಂದರೆ, ಮೊದಲು ಔಷಧಿ ಇಲ್ಲದೆ ಊದಿಸುತ್ತೇವೆ. ಆಮೇಲೆ ಅಸ್ತಾಲಿನ್ 4 ಪಫ್ ಕೊಟ್ಟು, 15 ನಿಮಿಷ ಕೂರಿಸಿ, ಮತ್ತೆ ಊದಿಸುತ್ತೇವೆ. ಮೊದಲೇ ಔಷಧಿ ಒಳಗಿದ್ದರೆ ಎರಡರ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಆದರೆ ಈಗಿನ ಔಷಧಿ ಹಿಡಿಯುತ್ತಿದೆಯಾ ಅಂತ ನೋಡಲಷ್ಟೇ ಬರೆದಿದ್ದರೆ, ನಿಲ್ಲಿಸುವುದೇ ಬೇಡ ಅನ್ನುವ ಡಾಕ್ಟರೂ ಇದ್ದಾರೆ. ಒಂದು ಫೋನ್ ಮಾಡಿ ಕೇಳಿ.

ರಾತ್ರಿ ಉಸಿರು ಕಟ್ಟಿದರೆ ಅಸ್ತಾಲಿನ್ ಕೊಡಿ. ಟೆಸ್ಟ್ ಕೆಡುತ್ತದೆ ಅಂತ ಕಾಯಬೇಡಿ. ಎಷ್ಟು ಗಂಟೆಗೆ, ಎಷ್ಟು ಪಫ್ ಅಂತ ಬರೆದು ತನ್ನಿ. ಅದಕ್ಕೂ ಬಗ್ಗದಿದ್ದರೆ ಟೆಸ್ಟ್ ಮರೆತು ಎಮರ್ಜೆನ್ಸಿಗೆ ಹೋಗಿ.

ಖಾಲಿ ಹೊಟ್ಟೆ ಬೇಡ. ಎರಡು ಇಡ್ಲಿ ತಿಂದು ಬರಲಿ, ಹೊಟ್ಟೆ ಬಿರಿಯೆ ಬೇಡ. ಹಲ್ಲಿನ ಸೆಟ್ ಇದ್ದು, ಅಲ್ಲಾಡದಿದ್ದರೆ ತೆಗೆಯಬೇಕಿಲ್ಲ.

ಕಣ್ಣಿಗೂ ಇದಕ್ಕೂ ಸಂಬಂಧ ಇದೆ! ಜೋರಾಗಿ ಊದಿದಾಗ ಕಣ್ಣಿನೊಳಗೂ ಒತ್ತಡ ಏರುತ್ತದೆ. ಕಣ್ಣಿನ ಡಾಕ್ಟರನ್ನು ಕೇಳಿಯೇ ಬನ್ನಿ. ನಮ್ಮವರಿಗೂ ಮೊದಲೇ ಹೇಳಿ.

ಇನ್ನು ಊದುವುದು. ಮೂಗಿಗೆ ಕ್ಲಿಪ್ ಹಾಕುತ್ತೇವೆ. ಎದೆ ತುಂಬಾ ಉಸಿರೆಳೆದು, ಒಂದೇ ಸಲಕ್ಕೆ ರಭಸವಾಗಿ ಬಿಡಬೇಕು. ಬಿಟ್ಟ ಮೇಲೆ ನಿಲ್ಲಿಸದೆ ಪೂರ್ತಿ ಖಾಲಿಯಾಗುವ ತನಕ ಊದಬೇಕು. ಇಲ್ಲೇ ಎಲ್ಲರೂ ಸೋಲುವುದು. ಎರಡು ಸೆಕೆಂಡಿಗೆ ಕೆನ್ನೆ ಉಬ್ಬಿಸಿಕೊಂಡು ನನ್ನ ಮುಖ ನೋಡುತ್ತಾರೆ. ನಾನು "ಇನ್ನೂ ಇನ್ನೂ ಇನ್ನೂ" ಅಂತ ಕೂಗುತ್ತೇನೆ. ಅಮ್ಮನಿಗೆ ಹೇಳಿರಿ, ಅದು ಬೈಗುಳ ಅಲ್ಲ. ಕಡಿಮೆ ಅಂದರೂ ಮೂರು ಸಲ ಸರಿಯಾಗಿ ಬರಬೇಕು.

ದಾವಣಗೆರೆ ಮಗ:
ಫೋನ್ ಮಾಡಿದೆ ಮೇಡಂ. ಮೊದಲ ಟೆಸ್ಟ್ ಆದ್ದರಿಂದ ನಿಲ್ಲಿಸಿಯೇ ಬರಬೇಕಂತೆ. ಬುಧವಾರ ಬೆಳಿಗ್ಗೆ 8ರ ಡೋಸ್ ತಗೊಂಡು, ರಾತ್ರಿಯದೂ ಗುರುವಾರ ಬೆಳಗಿನದೂ ಬಿಡುವುದು. ಕಣ್ಣಿನ ಡಾಕ್ಟರ್ ನಾಳೆ ಸಿಗುತ್ತಾರೆ. ಬೇಡ ಅಂದರೆ ದಿನ ಮುಂದಕ್ಕೆ ಹಾಕಿಸುತ್ತೇನೆ. ಅಮ್ಮ ಕೇಳುತ್ತಿದ್ದಾರೆ, ಟೆಸ್ಟ್ ಮುಗಿದ ಮೇಲೆ ಫೋರಾಕಾರ್ಟ್ ಅಲ್ಲೇ ಎಳೆಯಬಹುದಾ?

ಊದಿಸುವವಳು:
ಡಾಕ್ಟರ್ ಬೇರೆ ಏನೂ ಹೇಳದಿದ್ದರೆ ಎಳೆಯಬಹುದು. ಎರಡೂ ಇನ್ಹೇಲರ್ ಬ್ಯಾಗಿನಲ್ಲಿರಲಿ. ಬಾಯಿ ಮುಕ್ಕಳಿಸಲು ಒಂದು ಬಾಟಲಿ ನೀರೂ ತನ್ನಿ.