ಹೈಸ್ಕೂಲಿಗೆ ನಮ್ಮೂರಿನದೇ ಧರ್ಮ ಪರಿಚಯದ ಸಿಲಬಸ್: ಎಲ್ಲಿಂದ ಶುರು ಮಾಡಲಿ?

ಸಾಗರದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜೂನ್‌ನಿಂದ ಎಂಟು, ಒಂಬತ್ತನೇ ಕ್ಲಾಸಿಗೆ ವಾರಕ್ಕೊಂದು ಪೀರಿಯಡ್ ಧರ್ಮ ಪರಿಚಯ ಇಡಬೇಕು ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿದೆ. ಸಿಲಬಸ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಂತೋಷದಿಂದಲೇ ಒಪ್ಪಿಕೊಂಡೆ. ಪಕ್ಕದ ಬೆಂಚಿನವನ ಮನೆಯ ಹಬ್ಬ ಯಾವುದು ಅಂತ ಗೊತ್ತಿಲ್ಲದೆ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವುದನ್ನು ನೋಡಿ ನೋಡಿ ಸಾಕಾಗಿದೆ.

ಮೊದಲು ಒಂದು ಚಾರ್ಟ್ ಮಾಡಿದೆ. ಧರ್ಮ, ಸ್ಥಾಪಕರು, ಗ್ರಂಥ, ಮುಖ್ಯ ಹಬ್ಬ. ಅಲ್ಲೇ ಸಿಕ್ಕಿಬಿದ್ದೆ. ನಮ್ಮ ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳು ದೀವರ ಮನೆಯವರು, ಮಲೆನಾಡಿನ ಬೇಸಾಯಗಾರ ಸಮುದಾಯ. ಅವರಿಗೆ ವರ್ಷದ ದೊಡ್ಡ ಹಬ್ಬ ಭೂಮಿ ಹುಣ್ಣಿಮೆ. ಅದಕ್ಕೆ ಸ್ಥಾಪಕರು ಯಾರು, ಗ್ರಂಥ ಯಾವುದು? ಚಾರ್ಟಿನಲ್ಲಿ ಬರೆಯಲು ಜಾಗವೇ ಇಲ್ಲ. ಚೌಡಿ, ಭೂತಪ್ಪ, ಮಾರಿಜಾತ್ರೆ ಯಾವುದಕ್ಕೂ ಇಲ್ಲ. ಇವನ್ನೆಲ್ಲ ಬಿಟ್ಟು ಧರ್ಮ ಹೇಳಿಕೊಟ್ಟರೆ, ನಿಮ್ಮ ಮನೆಯಲ್ಲಿ ನಡೆಯುವುದು ಲೆಕ್ಕಕ್ಕಿಲ್ಲ ಅಂತ ಅರ್ಧ ಕ್ಲಾಸಿಗೆ ಹೇಳಿದ ಹಾಗಾಗುತ್ತದೆ, ಅಲ್ವಾ? ಎಲ್ಲಿಂದ ಶುರು ಮಾಡಲಿ, ದಯವಿಟ್ಟು ಹೇಳಿ.

ತುಂಗೆಯ ದಡದವ:
ಮೇಷ್ಟ್ರೇ, ಮೊದಲು ಕಾನೂನು ನೋಡಿಕೊಳ್ಳಿ. ಸಂವಿಧಾನದ 28ನೇ ವಿಧಿ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ನಿಮ್ಮದು ಅನುದಾನಿತ ಶಾಲೆ. ಅಲ್ಲಿ ಬೋಧನೆಗೋ ಪ್ರಾರ್ಥನೆಗೋ ಮಗುವನ್ನು ಕೂರಿಸಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಬಲವಂತ ಮಾಡುವಂತಿಲ್ಲ. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. ಶಾಲೆಯಲ್ಲಿ ಎಲ್ಲ ಧರ್ಮಗಳ ಬಗ್ಗೆ ತಿಳಿಸುವುದಕ್ಕೆ ಅಡ್ಡಿಯಿಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನೀವು ಮಾಡಲು ಹೊರಟಿರುವುದು ಎರಡನೆಯದು. ಅದನ್ನು ಸಿಲಬಸ್ಸಿನ ಮೊದಲ ಪುಟದಲ್ಲೇ ಬರೆದುಬಿಡಿ. ಶ್ಲೋಕ ಬಾಯಿಪಾಠ, ಆರತಿ, ದುವಾ ಯಾವುದೂ ಆ ಪೀರಿಯಡ್‌ನಲ್ಲಿ ಬೇಡ.

ಗದ್ದೆ ಮನೆ:
ನಾನು ರಿಟೈರ್ ಆದ ಕನ್ನಡ ಟೀಚರ್, ಸೊರಬದ ಕಡೆಯವಳು. ಸರ್, ಆ ಚಾರ್ಟನ್ನು ಪಕ್ಕಕ್ಕಿಡಿ. ಭತ್ತದಿಂದ ಶುರು ಮಾಡಿ.

ನಿಜವಾಗಿ ಹೇಳುತ್ತಿದ್ದೇನೆ. ನಮ್ಮ ಕಡೆ ಯಾವ ಧರ್ಮದವರ ಮನೆಗೆ ಹೋದರೂ ಅನ್ನದ ಹತ್ತಿರ ದೇವರು ಇರುತ್ತಾನೆ. ಸೆಪ್ಟೆಂಬರ್ 8ಕ್ಕೆ ಕೊಂಕಣಿ ಕ್ರೈಸ್ತರ ಮೊಂತಿ ಹಬ್ಬ. ಮರಿಯಮ್ಮ ಹುಟ್ಟಿದ ದಿನ, ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತಂದು ಹೊಸ ಅಕ್ಕಿ ಊಟ ಮಾಡುತ್ತಾರೆ. ಆಮೇಲೆ ಭೂಮಿ ಹುಣ್ಣಿಮೆ. ಭತ್ತ ಹೊಡೆತುಂಬಿ ನಿಂತಿರುತ್ತದೆ, ಭೂಮಿತಾಯಿ ಬಸುರಿ ಅಂತ ಬಯಕೆ ಊಟ ಹಾಕುವ ಹಬ್ಬ. ರಂಜಾನ್‌ನಲ್ಲಿ ಮುಸ್ಲಿಮರು ಈದ್ ನಮಾಜಿಗೆ ಹೋಗುವ ಮುಂಚೆ ಮನೆಯ ಒಬ್ಬೊಬ್ಬರ ಲೆಕ್ಕದಲ್ಲಿ ಧಾನ್ಯ ಅಥವಾ ಅದರ ಬೆಲೆಯನ್ನು ಬಡವರಿಗೆ ಕೊಡುತ್ತಾರೆ, ಅದು ಫಿತ್ರಾ. ಆ ದಿನ ಯಾರೂ ಹಸಿದಿರಬಾರದು ಅಂತ. ಲಿಂಗಾಯತರ ದಾಸೋಹ ಇದೆ. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನರ ಮನೆಗಳಿವೆ, ಜೈನರ ಕ್ಷೇತ್ರ ಹೊಂಬುಜ ದೂರವೇನಿಲ್ಲವಲ್ಲ. ಇಷ್ಟನ್ನು ಹೇಳಿದರೆ ಗ್ರಂಥ ಯಾವುದು, ಯಾರು ಹೇಳಿದ್ದು ಅನ್ನುವ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುತ್ತದೆ. ಆಗ ಹೇಳಿಕೊಡಿ.

ಒಂದು ಸಲ ಭೂಮಣ್ಣಿ ಬುಟ್ಟಿಯನ್ನೇ, ಅಂದರೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಹೊರುವ ಬುಟ್ಟಿಯನ್ನೇ, ಕ್ಲಾಸಿಗೆ ತರಿಸಿದ್ದೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಹಿಡಿದು ಗೆರೆ ಎಳೆಯುತ್ತಾರೆ. ಒಬ್ಬ ಹುಡುಗಿಯ ಅಮ್ಮ ನೆಲದ ಮೇಲೆ ಕೂತು ಎಳೆದು ತೋರಿಸಿದರು, ಕೈ ಒಂದು ಚೂರೂ ನಡುಗಲಿಲ್ಲ. ಹಿಂದಿನ ರಾತ್ರಿಯೆಲ್ಲ ಅಡುಗೆ ಮಾಡುವುದು, ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಅನ್ನ, ಬೀರುವುದು, ಎಲ್ಲ ಹೇಳಿದರು. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿ ಅವಳು. ಅವತ್ತು ಅಮ್ಮನ ಪಕ್ಕ ನಿಂತು ಎಲ್ಲ ಪ್ರಶ್ನೆಗೂ ಅವಳೇ ಉತ್ತರ ಕೊಟ್ಟಳು. ನನಗೆ ಕಣ್ಣು ತುಂಬಿ ಬಂತು.

ಮಳೆಬಿಲ್ಲು:
ಟೀಚರ್ ಹೇಳಿದ್ದು ಓದಿ ಖುಷಿಯಾಯಿತು. ಆದರೆ ತಾಯಿಯಾಗಿ ಒಂದು ಮಾತು. ನನ್ನ ಮಗ ಆರನೇ ಕ್ಲಾಸಿನಲ್ಲಿದ್ದಾಗ, ಶಾಲೆಯ ಹೆಸರು ಬೇಡ, ಅವನೊಬ್ಬನನ್ನೇ ಎದ್ದು ನಿಲ್ಲಿಸಿ, ನಿಮ್ಮವರು ಯಾಕೆ ಹೀಗೆ ಮಾಡುತ್ತಾರೆ ಹೇಳು ಅಂತ ಕೇಳಿದ್ದರು. ಕ್ಲಾಸಿನಲ್ಲಿ ಮುಸ್ಲಿಂ ಹುಡುಗ ಅವನೊಬ್ಬನೇ. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೂ ಅವನು ಎರಡು ದಿನ ಶಾಲೆಗೆ ಹೋಗಲಿಲ್ಲ. ಹನ್ನೊಂದು ವರ್ಷದ ಹುಡುಗ ಒಂದು ಧರ್ಮಕ್ಕೇ ಉತ್ತರ ಕೊಡಬೇಕಾ ಅಣ್ಣಾ? ದೊಡ್ಡವರನ್ನು ಕರೆಸಿ. ಹೇಳಬೇಕು ಅನ್ನಿಸಿದ ಮಗು ತಾನಾಗಿ ಹೇಳಲಿ. ಕೈ ಎತ್ತದ ಮಗುವನ್ನು ಕೆದಕಬೇಡಿ. ಇದನ್ನೂ ಸಿಲಬಸ್ಸಿನಲ್ಲೇ ಬರೆಯಿರಿ, ನಾಳೆ ನಿಮ್ಮ ಜಾಗಕ್ಕೆ ಬೇರೆ ಮೇಷ್ಟ್ರು ಬರಬಹುದು.

ಕಾನುಗೋಡಿನವ:
ನನ್ನ ಅಕ್ಕನ ಮಕ್ಕಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾರೆ. ಅಲ್ಲಿ ಇದು 1944ರ ಕಾಯ್ದೆಯ ಕಾಲದಿಂದಲೂ ನಡೆದು ಬಂದಿದೆ. ಧರ್ಮ ಶಿಕ್ಷಣದ ಸಿಲಬಸ್ಸನ್ನು ಆಯಾ ಪ್ರದೇಶದವರೇ ಕೂತು ಮಾಡುತ್ತಾರೆ. ಚರ್ಚ್ ಆಫ್ ಇಂಗ್ಲೆಂಡಿನವರದು ಒಂದು ಗುಂಪು, ಉಳಿದ ಪಂಗಡ ಮತ್ತು ಧರ್ಮದವರದು ಒಂದು, ಟೀಚರುಗಳದು ಒಂದು, ಸ್ಥಳೀಯ ಆಡಳಿತದ್ದು ಒಂದು. ನಾಲ್ಕೂ ಗುಂಪು ಒಪ್ಪಬೇಕು, ಐದು ವರ್ಷಕ್ಕೊಮ್ಮೆ ಮತ್ತೆ ಕೂತು ನೋಡಬೇಕು. ಬೇಡ ಅನ್ನುವ ಪೋಷಕರು ಮಗುವನ್ನು ಆ ಕ್ಲಾಸಿನಿಂದ ಬಿಡಿಸಿಕೊಳ್ಳಬಹುದು. ಅಲ್ಲಿನ ಪಾಠ ನಮಗೆ ಬೇಡ, ಆದರೆ ಈ ಕೂತು ಮಾತಾಡುವ ಕ್ರಮ ಬೇಕು ಅಂತ ನನಗನ್ನಿಸುತ್ತದೆ. ನೀವೊಬ್ಬರೇ ಬರೆದರೆ ಎಷ್ಟು ಚೆನ್ನಾಗಿ ಬರೆದರೂ ಅದು ಮೇಷ್ಟ್ರ ಸಿಲಬಸ್. ದೀವರ ಮನೆಯ ಒಬ್ಬ ಅಜ್ಜಿ, ಮಸೀದಿ ಕಮಿಟಿಯವರೊಬ್ಬರು, ಚರ್ಚಿನವರೊಬ್ಬರು, ಹವ್ಯಕರ ಮನೆಯವರೊಬ್ಬರು, ಹೀಗೆ ಕೂರಿಸಿ ಬರೆದರೆ ಊರಿನದಾಗುತ್ತದೆ. ತಗಾದೆ ಬಂದಾಗ ನಿಮ್ಮ ಬೆನ್ನಿಗೂ ಜನ ಇರುತ್ತಾರೆ.

ಇನ್ನೊಂದು. ಮಕ್ಕಳನ್ನು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಕರೆದುಕೊಂಡು ಹೋಗಿ. ಅಲ್ಲಮಪ್ರಭುವಿನ ಊರು ಅದು. ಅಲ್ಲಿನ ಕೋಡಿಯಮಠದ 1162ರ ಶಾಸನದಲ್ಲಿ, ವೇದದ ಜೊತೆಗೆ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು, ಬಡವರಿಗೆ, ಕುರುಡರಿಗೆ, ಬೇರೆ ಬೇರೆ ಪಂಥದ ಸನ್ಯಾಸಿಗಳಿಗೆ ಅನ್ನ ಹಾಕುತ್ತಿದ್ದರು, ಕಾಯಿಲೆಯವರಿಗೆ ಔಷಧಿ ಕೊಡುತ್ತಿದ್ದರು ಅಂತಿದೆ. ಟೀಚರ್ ಹೇಳಿದ ಅನ್ನದ ಪಾಠ ಅಲ್ಲೂ ಇದೆ ನೋಡಿ. ತೀರ್ಥಹಳ್ಳಿ ಕಡೆಯ ಹಣಗೆರೆಕಟ್ಟೆಯನ್ನೂ ಬಿಡಬೇಡಿ. ದರ್ಗಾ, ಭೂತರಾಯ, ಚೌಡೇಶ್ವರಿ ಎಲ್ಲ ಒಂದೇ ಕಡೆ.

ಸಾಗರದ ಮೇಷ್ಟ್ರು:
ಎಲ್ಲರಿಗೂ ಕೈ ಮುಗಿದೆ. ಚಾರ್ಟನ್ನು ತೆಗೆದಿಟ್ಟೆ. ಮಳೆಬಿಲ್ಲು ಅಕ್ಕನ ಮಾತನ್ನು ಹಾಗೇ ಮೊದಲ ಪುಟಕ್ಕೆ ಹಾಕುತ್ತೇನೆ, ಕಾನೂನಿನ ಸಾಲಿನ ಪಕ್ಕದಲ್ಲೇ. ಬರುವ ಭಾನುವಾರ ಶಾಲೆಯಲ್ಲಿ ಏಳೆಂಟು ಜನರನ್ನು ಸೇರಿಸುತ್ತಿದ್ದೇನೆ, ಆಡಳಿತ ಮಂಡಳಿಯೂ ಒಪ್ಪಿದೆ. ಜೂನ್‌ನಲ್ಲಿ ಸಸಿಮಡಿಗೆ ಬೀಜ ಹಾಕುವ ಹೊತ್ತಿಗೇ ಮೊದಲ ಪಾಠ. ಬಳ್ಳಿಗಾವಿಯಲ್ಲಿ ಆ ಶಾಸನದ ಮುಂದೆ ನಿಂತು ಮಕ್ಕಳಿಗೆ ಓದಿ ಹೇಳುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಹಳಗನ್ನಡ ಅಕ್ಷರ ನನಗೆ ಓದಲು ಬರುವುದಿಲ್ಲ.